ಉಳಿದ ಹಾಡು ಯಾರ ಬಾಯಲ್ಲಿ

ನಮ್ಮ ಊರಿನಲ್ಲಿ ಶುರುವಾದ ಹಾಡು ಮುಗಿಯಲೇಬೇಕು. ಮಧ್ಯದಲ್ಲಿ ಯಾರಾದರೂ ಅದನ್ನು ತುಂಡರಿಸಿದರೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಎಲ್ಲ ಸುಮ್ಮನಿದ್ದು, ಆಮೇಲೆ ಉಳಿದ ಹಾಡು ತುಂಡರಿಸಿದವರ ಬಾಯಿಂದ ಬರುತ್ತದೆ. ಹಾಡಿದ ಗಾಯಕರ ದನಿಯಲ್ಲೇ ಬರುತ್ತದೆ, ಪಿಟೀಲು ತಬಲ ಕೊಳಲು ಸಮೇತ ಬರುತ್ತದೆ. ಹಾಗಾಗಿ ನಮ್ಮಲ್ಲಿ ರೇಡಿಯೊ ಆರಿಸುವ ಮುಂಚೆ ಜನ ಒಂದು ಲೋಟ ನೀರು ಕುಡಿದುಕೊಳ್ಳುತ್ತಾರೆ. ಯಾರಾದರೂ ಹಾಡು ಹಾಕಲು ಹೋದರೆ ಹಿರಿಯರು ಎಷ್ಟುದ್ದ ಅದು ಅಂತ ಮೊದಲು ವಿಚಾರಿಸುತ್ತಾರೆ. ಕ್ಷೌರದಂಗಡಿಯಲ್ಲಿ ಕ್ಷೌರಿಕನ ಬಾಯಿಂದ ಬರುತ್ತಿರುವ ಹಾಡು ಮುಗಿಯಲಿ ಎಂದು ಅರ್ಧ ಮೀಸೆಯಲ್ಲಿ ಕಾಯುತ್ತಾ ಕೂತವರನ್ನು ನೋಡಿ ಯಾರೂ ನಗುವುದಿಲ್ಲ. ಇದಕ್ಕೆಲ್ಲ ಕಾರಣ ಹುಡುಕುತ್ತೇನೆಂದು ಹೊರಗಿನಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಲಾಡ್ಜಿನವನ ರೇಡಿಯೊ ನಿದ್ದೆ ಕೆಡಿಸುತ್ತದೆಂದು ಅದನ್ನು ಟಪ್ಪನೆ ಆರಿಸಿ, ಎಳೆಗೂಸಿನ ತಾಯಿಯ ದನಿಯಲ್ಲಿ ಜೋಗುಳ ಹಾಡುತ್ತಾ ಬಸ್ಸು ಹತ್ತಿ ಹೋದರು. ಊರ ಸೇತುವೆ ದಾಟಿದ ಮೇಲೆ ಬಾಯಿ ನಿಂತಿತಂತೆ. ಸೇತುವೆಯ ಆಚೆಗೆ ಈ ಉಪದ್ರವ ಇಲ್ಲ.

ಈ ಏರ್ಪಾಟಿನಲ್ಲಿ ಅತಿ ಹೆಚ್ಚು ಹಾಡಿದವರು ಕರೆಂಟ್ ಆಫೀಸಿನ ಲೈನ್‌ಮನ್ ಓಂಕಾರಯ್ಯನವರು. ಕರೆಂಟ್ ತೆಗೆಯುವ ಕೈ ಅವರದು. ತೆಗೆದ ಕೂಡಲೇ ಆ ಹೊತ್ತಿನಲ್ಲಿ ಊರೆಲ್ಲ ಓಡುತ್ತಿದ್ದ ಹಾಡುಗಳು ಒಂದರ ಹಿಂದೊಂದು ಸಾಲುಗಟ್ಟಿ ಅವರ ಬಾಯಿಗೆ ಬರುತ್ತಿದ್ದವು. ಬೇರೆ ಊರಿನಲ್ಲಿ ಕರೆಂಟ್ ಹೋದರೆ ಜನ ಬೈಯುತ್ತಾರೆ. ನಮ್ಮಲ್ಲಿ ಚಾಪೆ ಹಿಡಿದು ಕಂಬದ ಬುಡಕ್ಕೆ ಬರುತ್ತಿದ್ದರು. ಕಂಬದ ಮೇಲಿಂದ ಓಂಕಾರಯ್ಯನವರು ಒಂದು ಭಜನೆಯ ಬಾಲ, ಒಂದು ಯುಗಳ ಗೀತೆಯ ಎರಡೂ ದನಿ, ಸಾಬೂನಿನ ಜಾಹೀರಾತಿನ ಕೊನೆಯ ಸಾಲು ಎಲ್ಲವನ್ನೂ ಹಾಡಿ ಮುಗಿಸಿ ಇಳಿಯುತ್ತಿದ್ದರು. ಅವರ ಗಂಟಲು ಹೇಗಿದೆ ಎಂದು ಯಾರೂ ಕೇಳಲಿಲ್ಲ. ನಿವೃತ್ತಿಯ ದಿನ ಬೀಳ್ಕೊಡುಗೆ ಸಭೆಯಲ್ಲಿ ಪ್ರಾರ್ಥನೆಯ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಾಗ ಇಡೀ ಸಭೆ ಅಭ್ಯಾಸಬಲದಿಂದ ಅವರ ಕಡೆ ತಿರುಗಿತಂತೆ. ಅವರು ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಇನ್ನು ನನ್ನ ಬಾಯಿಂದ ಒಂದು ಸ್ವರ ಬಂದರೆ ಕೇಳಿ ಎಂದು ಹೇಳಿ ಮನೆಗೆ ನಡೆದರಂತೆ. ಹಾಗೆ ನಡೆದವರು ಒಂದು ಹಾಡಿನ ಡಬ್ಬಿ ತರಿಸಿಕೊಂಡರು. ಅಂಗೈಯಗಲದ್ದು, ಕಪ್ಪು, ಎತ್ತಿದರೆ ಕಲ್ಲಿನಷ್ಟು ಭಾರ. ಹಾಡುವುದೊಂದು ಬಿಟ್ಟು ಬೇರೇನೂ ಬಾರದ ಯಂತ್ರ.

ನನ್ನ ಹೆಸರು ಪಂಚಾಕ್ಷರಿ. ಬಿ.ಎ. ಓದಿದ್ದೇನೆ. ನನ್ನ ಪದವಿ ಪದಗಳಲ್ಲೇ ಉಳಿದದ್ದರಿಂದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮೊಬೈಲಿಗೆ ಗಾಜು ಅಂಟಿಸುವ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಬರುವ ನಿಜವಾದ ವಿದ್ಯೆ ಮಿಮಿಕ್ರಿ. ಮಂತ್ರಿಯಿಂದ ಹಿಡಿದು ಮಿಕ್ಸಿಯವರೆಗೆ ಯಾರ ದನಿ ಬೇಕಾದರೂ ತೆಗೆಯಬಲ್ಲೆ. ತುಟಿ ಅಲ್ಲಾಡಿಸದೆಯೂ ತೆಗೆಯಬಲ್ಲೆ. ಕಾಲೇಜಿನಲ್ಲಿ ನಮ್ಮ ಬೆಂಚಿನವರೆಲ್ಲ ಸಿನಿಮಾಕ್ಕೆ ಹೋದಾಗ ಅಷ್ಟೂ ಜನರ ಹಾಜರಿಯನ್ನು ಅವರವರ ಗಂಟಲಿನಲ್ಲೇ ಕೂಗಿದವನು ನಾನು. ಆದರೆ ಈ ಊರಿನಲ್ಲಿ ಮಿಮಿಕ್ರಿಯವನಾಗಿ ಹುಟ್ಟುವುದು ಮೀನುಗಳ ಮಧ್ಯೆ ಈಜುಗಾರನಾಗಿ ಹುಟ್ಟಿದಂತೆ. ನಾನು ವೇದಿಕೆ ಹತ್ತಿ ಒಬ್ಬ ದೊಡ್ಡ ಗಾಯಕರ ದನಿ ಅನುಕರಿಸಿದರೆ, ಮುಂದಿನ ಸಾಲಿನ ಅಜ್ಜಿ, ಮೊನ್ನೆ ರೇಡಿಯೊ ತಂತಿ ಕಿತ್ತಾಗ ನಮ್ಮ ಬೆಕ್ಕು ಇದಕ್ಕಿಂತ ಚೆನ್ನಾಗಿ ಹಾಡಿತು ಎನ್ನುತ್ತಾಳೆ. ಅವಳು ಹೇಳಿದ್ದು ನಿಜವೇ ಆಗಿರುತ್ತದೆ, ಕಷ್ಟ ಅದು.

ಮೊಬೈಲು ಬಂದ ಮೇಲೆ ಊರಿನ ಪಾಡು ಬದಲಾಯಿತು. ಹಾಡು ಓಡುತ್ತಿರುವ ಮೊಬೈಲಿಗೆ ಯಾರಾದರೂ ಕರೆ ಮಾಡಿದರೆ ಹಾಡು ತುಂಡಾಗಿ, ಉಳಿದದ್ದು ಕರೆ ಮಾಡಿದವರ ಬಾಯಿಗೆ. ಆಮೇಲೆ ಮೊಬೈಲಿನಲ್ಲಿ ಹಾಡು ಮುಂದುವರಿದಂತೆ ಕಂಡರೂ ಸದ್ದಿರುವುದಿಲ್ಲ, ಗೆರೆ ಮಾತ್ರ ಓಡುತ್ತದೆ. ಕರೆ ಸೇತುವೆಯ ಆಚೆಯಿಂದ ಬಂದಿದ್ದರೆ ಉಳಿದದ್ದನ್ನು ಎತ್ತಿದವನೇ ಹಾಡಬೇಕು. ಸಾಲ ಬೇಕೇ ಸಾರ್ ಎಂದು ಕೇಳುವವರೆಲ್ಲ ಆಚೆಯವರೇ ಆದ್ದರಿಂದ ನಮ್ಮ ಜನ ಸಾಲ ತೆಗೆದುಕೊಳ್ಳದೆಯೇ ಹಾಡುವಂತಾಯಿತು. ಒಂದು ಮೆಸೇಜು ಟುಣ್ ಎಂದರೂ ಹಾಡಿನ ಅಷ್ಟು ಚೂರು ಕಳಿಸಿದವರಿಗೆ ಹೋಗುತ್ತದೆ. ಬೆಳಗ್ಗೆ ಎದ್ದು ಊರಿಗೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸುವ ಹಿರಿಯರು ಹಲ್ಲುಜ್ಜುತ್ತಾ ಆ, ನೀ, ರಿ, ಲಾ ಎಂದು ಬಿಕ್ಕಳಿಸುತ್ತಿರುತ್ತಾರೆ. ಪುರಸಭೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ತನ್ನ ಧ್ವನಿಮುದ್ರಿತ ಭಾಷಣವನ್ನು ಒಂದೇ ಗುಂಡಿ ಒತ್ತಿ ಊರಿನ ಎಲ್ಲ ಮೊಬೈಲಿಗೂ ಕರೆಯಾಗಿ ಕಳಿಸಿದ. ಪ್ರಚಾರ ಮುಗಿಯಿತು, ಮತದಾನ ಮುಗಿಯಿತು, ಅವನ ಹಾಡು ಮುಗಿಯಲಿಲ್ಲ. ಗೆದ್ದು, ಪ್ರಮಾಣವಚನವನ್ನು ಒಂದು ವಿರಹಗೀತೆಯ ಎರಡು ಚರಣಗಳ ನಡುವಿನ ಕೊಳಲಿನಲ್ಲಿ ಸ್ವೀಕರಿಸಿದ. ಇದುವರೆಗಿನ ಅಧ್ಯಕ್ಷರಲ್ಲಿ ಇವನೇ ವಾಸಿ, ಏನಾದರೂ ಕೇಳಿಸುತ್ತದೆ ಎಂದು ಜನ ಹೇಳುತ್ತಾರೆ.

ಮಂದಾಕಿನಿಯ ಪರಿಚಯವಾದದ್ದು ಹೀಗೇ. ನಾನು ಅಂಗಡಿಯಲ್ಲಿ ಹಾಡು ಹಾಕಿಕೊಂಡು ಗಾಜು ಒರೆಸುತ್ತಿದ್ದೆ. ಕರೆ ಬಂತು. ಎತ್ತಿದರೆ ಆ ಕಡೆ ಒಂದು ಉಸಿರು, ಆಮೇಲೆ ತಬಲ, ಆಮೇಲೆ ಬಾವಿಯೊಳಗಿಂದ ಬಂದಂಥ ಗಡಸು ಗಂಡು ದನಿ. ಎರಡು ಚರಣ, ಒಂದು ಆಲಾಪ ಮುಗಿದ ಮೇಲೆ ಕೆಮ್ಮಿ, ತೆಳ್ಳಗಿನ ಹೆಣ್ಣು ದನಿಯೊಂದು ಮಾಡೆಲ್ ನಂಬರು ಹೇಳಿ ಅದಕ್ಕೆ ಗಾಜಿದೆಯಾ ಎಂದು ಕೇಳಿತು. ಎಲ್ಲರೂ ಹೆಣ್ಣಿನ ಕೋಗಿಲೆ ಕಂಠಕ್ಕೆ ಮನಸೋಲುತ್ತಾರೆ. ನಾನು ಅವಳ ತಬಲಕ್ಕೆ ಸೋತೆ. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಓಂಕಾರಯ್ಯನವರ ಒಬ್ಬಳೇ ಮಗಳು. ಮನೆಯಲ್ಲಿ ಮೊಬೈಲು ನಿಷಿದ್ಧವಾದ್ದರಿಂದ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಅಕ್ಕಿ ಆರಿಸುವ ನೆಪದಲ್ಲಿ ಮಾತಾಡುತ್ತಿದ್ದಳು. ಆ ವರ್ಷ ಅವರ ಮನೆಯ ಅನ್ನದಲ್ಲಿ ಒಂದು ಕಲ್ಲೂ ಸಿಗಲಿಲ್ಲವಂತೆ.

ಒಂದು ದಿನ ಅವಳು ನೇರವಾಗಿ ಕೇಳಿದಳು. "ನಾನು ಫೋನ್ ಮಾಡೋ ಹೊತ್ತಿಗೆ ಸರಿಯಾಗಿ ನೀವು ಹಾಡು ಹಾಕ್ಕೊಂಡು ಕೂತಿರ್ತೀರಲ್ಲ, ಅದೂ ಈಗಷ್ಟೇ ಶುರುವಾಗಿರುತ್ತೆ. ಯಾಕೆ?"

"ಕಾಕತಾಳೀಯ ಮೇಡಂ."

"ತಾಳ ಹಾಕಿದ್ದು ನಾನು. ಕಾಕ ಯಾರು?"

ಕಾಗೆ ಸಿಕ್ಕಿಬಿತ್ತು. ಕಾಗೆಯ ದನಿಯಲ್ಲೇ ತಪ್ಪೊಪ್ಪಿಕೊಂಡೆ. ಅವಳು ನಕ್ಕಳು, ಮಿಮಿಕ್ರಿಗೆ ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ನಗು ಅದು. ಮದುವೆಯ ಮಾತು ಬಂದಾಗ ಮಾತ್ರ ನಗಲಿಲ್ಲ. ಅಪ್ಪನನ್ನು ಒಪ್ಪಿಸಬೇಕು, ಒಪ್ಪದಿದ್ದರೆ ಅವರನ್ನು ಬಿಟ್ಟು ಬರುವವಳು ನಾನಲ್ಲ, ಅವರು ಹಾಡಿದ್ದರಲ್ಲೇ ನಾನು ಓದಿದ್ದು ಎಂದಳು.

ನಮ್ಮಪ್ಪನದು ಮಾತು ಕಡಿಮೆ, ಅವರ ಪಾಲಿನದನ್ನೂ ಸೇರಿಸಿ ಆಡುವವರು ಶಿವನಂಜ ದೊಡ್ಡಪ್ಪ. ಹೆಣ್ಣು ಕೇಳಲು ನಾನೂ ದೊಡ್ಡಪ್ಪನೂ ಹೋದೆವು. ಓಂಕಾರಯ್ಯನವರ ಬಾಗಿಲಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆ ಮೊಬೈಲಿಗೆ, ಕೆಳಗಿನದು ಚಪ್ಪಲಿಗೆ. ದೊಡ್ಡಪ್ಪ ಕನ್ನಡಕವಿಲ್ಲದೆ ಚಪ್ಪಲಿಯನ್ನು ಮೇಲೂ ಮೊಬೈಲನ್ನು ಕೆಳಗೂ ಇಟ್ಟರು. ಅದನ್ನು ಕಂಡು ಓಂಕಾರಯ್ಯನವರ ಮುಖ ಸ್ವಲ್ಪ ಅರಳಿತು, ಯೋಗ್ಯ ಮನುಷ್ಯ ಅನ್ನಿಸಿರಬೇಕು. ಒಳಗೆ ಅವರ ಕುರ್ಚಿಗೆ ಅಂಟಿಕೊಂಡಂತೆ ಒಂದು ಮರದ ಸ್ಪೀಕರ್ ಪೆಟ್ಟಿಗೆ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಆ ಡಬ್ಬಿ. ಹೊಸಬರು ಅದಕ್ಕೇ ನಮಸ್ಕಾರ ಮಾಡುವಂತಿತ್ತು. ನಾನು ಮಾಡಿಯೂ ಬಿಟ್ಟೆ.

"ಇದಕ್ಕೆ ಫೋನ್ ಬರಲ್ಲ," ಎಂದರು ಓಂಕಾರಯ್ಯನವರು, ಮಗುವಿನ ಗುಣ ಹೇಳುವವರ ಹಾಗೆ. "ಫೋಟೊ ಹೊಡೆಯಲ್ಲ. ಗಂಟೆ ಎಷ್ಟು ಅಂದ್ರೆ ಹೇಳಲ್ಲ. ಮುಖ ನೋಡಿ, ಹಾಡ್ತಿದ್ರೂ ಕಪ್ಪಗೇ ಇರುತ್ತೆ, ನಿಮ್ಮ ಮೊಬೈಲಿನ ಹಾಗೆ ಹಲ್ಲು ಕಿರಿಯಲ್ಲ. ಚಾರ್ಜ್ ಮುಗೀತಾ ಬಂತು ಅಂತ ಗೋಳಾಡಲ್ಲ. ಹಾಡು ಅಂದ್ರೆ ಹಾಡುತ್ತೆ. ಮರ್ಯಾದಸ್ಥ ಯಂತ್ರ."

ನಾನು ನನ್ನ ಹೊಟ್ಟೆಪಾಡಿನ ಪರವಾಗಿ ಒಂದು ಮಾತಾಡಬೇಕಾಯಿತು. ಮೊಬೈಲಿನಲ್ಲಿ ಹಾಡಿನ ಜೊತೆ ಹವಾಮಾನ, ನಕ್ಷೆ, ಟಾರ್ಚು ಎಲ್ಲ ಇರುತ್ತೆ ಸಾರ್ ಎಂದೆ.

"ಹಾಡು ಕೇಳೋಕೆ ಟಾರ್ಚ್ ಯಾಕಪ್ಪ? ಹಾಡೋರನ್ನ ಹುಡುಕೋಕಾ?"

ಅವರ ತಕರಾರು ಸಣ್ಣದಾಗಿರಲಿಲ್ಲ. ಮೊಬೈಲು ಹಾಡನ್ನು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ, ನೀವು ಕೇಳುತ್ತಿರುವುದು ಸಂಗೀತವನ್ನಲ್ಲ, ಸಂಗೀತದ ಸಿಪ್ಪೆಯನ್ನು ಎಂದರು. ನನಗೆ ಎರಡೂ ಒಂದೇ ಥರ ಕೇಳಿಸುತ್ತದೆ ಎಂದು ದೊಡ್ಡಪ್ಪ ಒಪ್ಪಿಕೊಂಡದ್ದೇ ತಪ್ಪಾಯಿತು. ಓಂಕಾರಯ್ಯನವರು ಎದ್ದು ದೊಡ್ಡಪ್ಪನನ್ನೇ ಕರೆದು, ಡಬ್ಬಿಯಲ್ಲಿ ಹಾಡು ಹಚ್ಚಿ, ಮಧ್ಯದಲ್ಲಿ ನಿಲ್ಲಿಸು ಎಂದು ಗುಂಡಿ ತೋರಿಸಿದರು. ದೊಡ್ಡಪ್ಪ ಒತ್ತಿದರು. ಒಂದು ಉಸಿರಿನ ನಂತರ ಅವರ ಬಾಯಿ ತೆರೆಯಿತು. ಏನು ಹೇಳಲಿ, ಎದೆ ನಡುಗುವ ಮೃದಂಗ, ಬೇರೆ ಬೇರೆಯಾಗಿ ಕೇಳುವ ಹನ್ನೊಂದು ಪಿಟೀಲು, ಗಾಯಕಿ ಉಸಿರೆಳೆದದ್ದು, ಅವಳ ಬಳೆ ಮೈಕಿಗೆ ತಾಗಿದ್ದು, ಹಿಂದೆ ಯಾರೋ ಕುರ್ಚಿ ಸರಿಸಿದ್ದು. ಕಾಫಿ ಲೋಟಗಳು ತಟ್ಟೆಯ ಮೇಲೆ ಗಿಲಿಗಿಲಿ ಎಂದವು. ಆಮೇಲೆ ಬಾಗಿಲಿನಿಂದ ನನ್ನ ಮೊಬೈಲು ತರಿಸಿ, ಅದೇ ಹಾಡನ್ನು ಅದರಲ್ಲಿ ಹಚ್ಚಿ, ದೊಡ್ಡಪ್ಪನ ಕೈಯಲ್ಲೇ ನಿಲ್ಲಿಸಿದರು. ಈ ಸಲ ಅವರ ಬಾಯಿಂದ ಪೌಡರ್ ಡಬ್ಬದೊಳಗೆ ಸಿಕ್ಕಿಕೊಂಡ ನೊಣವೊಂದು ಅದೇ ರಾಗವನ್ನು ಮೂಗಿನಲ್ಲಿ ಹಾಡಿತು. ದೊಡ್ಡಪ್ಪನಿಗೇ ನಾಚಿಕೆಯಾಗಿ ಕೈ ಅಡ್ಡ ಹಿಡಿದರು.

"ನನ್ನೊಳಗೆ ಅಷ್ಟು ಜಾಗ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣಯ್ಯ," ಎಂದು ಆಮೇಲೆ ದಾರಿಯುದ್ದಕ್ಕೂ ಹೊಟ್ಟೆ ಸವರಿಕೊಳ್ಳುತ್ತಿದ್ದರು. ಹೊರಡುವ ಮುಂಚೆ, ಇನ್ನೊಂದ್ಸಲ ಆ ಡಬ್ಬಿ ನಿಲ್ಲಿಸ್ಲಾ ಎಂದು ಕೇಳಿ ನನ್ನ ಮಾನ ಕಳೆದಿದ್ದರು.

ಓಂಕಾರಯ್ಯನವರು ಬೇಡ ಎನ್ನಲಿಲ್ಲ, ಆದರೆ ಷರತ್ತು ಹಾಕಿದರು. ನಮ್ಮ ಊರಿನಲ್ಲಿ ವೀಳ್ಯ ಬದಲಾಯಿಸುವ ಮುಂಚೆ ಎರಡೂ ಕಡೆಯವರು ಸೇರಿ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾರೆ. ಇದಕ್ಕೆ 'ಪೂರ್ತಿ ಕೂರುವುದು' ಅನ್ನುತ್ತಾರೆ. ಒಂದು ಹಾಡನ್ನು ಮುರಿಯದೆ ಕೇಳಲಾರದವರು ಒಂದು ಸಂಸಾರವನ್ನು ಏನು ನಡೆಸುತ್ತಾರೆ ಎಂಬುದು ಹಿರಿಯರ ಲೆಕ್ಕ. ಹಾಡು ಮುರಿದರೆ ಸಂಬಂಧವೂ ಮುರಿದಂತೆ. ಗಂಡಿನ ಕಡೆಯಿಂದ ಮುರಿಯಿತೋ ಹೆಣ್ಣಿನ ಕಡೆಯಿಂದಲೋ ಎಂದು ಕೇಳುವುದಿಲ್ಲ, ಇನ್ನೊಮ್ಮೆ ಕೂರುವಂತೆಯೂ ಇಲ್ಲ. ಮಂದಾಕಿನಿಗೆ ಹಿಂದೆ ಬಂದಿದ್ದ ಸಂಬಂಧದವರು ಹುಡುಗನ ಮೊಬೈಲಿನಲ್ಲಿ ಪೂರ್ತಿ ಕೂತಿದ್ದರಂತೆ. ಪಲ್ಲವಿ ಮುಗಿಯುವಷ್ಟರಲ್ಲಿ ಸೇತುವೆಯ ಆಚೆಯಿಂದ ಕ್ರೆಡಿಟ್ ಕಾರ್ಡಿನವರ ಕರೆ ಬಂತು. ಹುಡುಗ ಉಳಿದದ್ದನ್ನು ಹಾಡಿಕೊಂಡೇ ಚಪ್ಪಲಿ ಮೆಟ್ಟಿದ.

"ಪೂರ್ತಿ ಕೂರೋದು ನನ್ನ ಯಂತ್ರದ ಮುಂದೆ," ಎಂದರು ಓಂಕಾರಯ್ಯನವರು. "ಮೊಬೈಲುಗಳೆಲ್ಲ ಮನೆಯಾಚೆ ಇರ್ಲಿ. ನನ್ನದು ಮುರಿಯೋ ಯಂತ್ರ ಅಲ್ಲ. ಮುರಿದ್ರೆ ನನ್ನ ಮಗಳನ್ನ ಮತ್ತೆ ಕೇಳ್ಬೇಡಿ."

ಆ ದಿನ ಬಂತು. ಅವರ ನಡುಮನೆಯ ತುಂಬ ಜನ. ಮೊಬೈಲುಗಳನ್ನೆಲ್ಲ ಒಂದು ಬಿಂದಿಗೆಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಹಿತ್ತಲಿನಲ್ಲಿಟ್ಟರು. ನಾನು ಹುಡುಗನಾದ್ದರಿಂದ ಸ್ಪೀಕರ್ ಪೆಟ್ಟಿಗೆಯ ಬಲಕ್ಕೆ, ಓಂಕಾರಯ್ಯನವರು ಎಡಕ್ಕೆ ತಮ್ಮ ಕುರ್ಚಿಯಲ್ಲಿ. ಮಂದಾಕಿನಿ ತಿಂಡಿ ಕೊಡುವ ನೆಪದಲ್ಲಿ ಬಗ್ಗಿ, ಅಪ್ಪ ಬೆಳಗ್ಗೆಯಿಂದ ಬಂದ ನೆಂಟರಿಗೆಲ್ಲ ಡಬ್ಬಿಯಲ್ಲಿ ಹಾಡು ಹಾಕಿ ತೋರಿಸುತ್ತಲೇ ಇದ್ದಾರೆ, ಒಬ್ಬೊಬ್ಬರಿಗೆ ಎರಡೆರಡು ಹಾಡು, ಇಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡೇ ಇಲ್ಲ ಎಂದು ಪಿಸುಗುಟ್ಟಿದಳು. ನನಗೂ ಸಂತೋಷವಾಯಿತು. ಗಾಜು ಅಂಟಿಸುವವನಿಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹಾಡನ್ನು ಅವರೇ ಆರಿಸಿದ್ದರು. ಹಳೆಯದು, ಉದ್ದನೆಯದು, ಗಂಡ ಪರ ಊರಿಗೆ ಹೋದ ಹೆಣ್ಣೊಬ್ಬಳು ಮಳೆಗಾಲದಲ್ಲಿ ಹಾಡುವುದು. ಒಗೆದ ಸೀರೆ ಒಣಗಲಿಲ್ಲ, ಹೋದ ನಲ್ಲ ತಿರುಗಲಿಲ್ಲ ಎಂದು ಪಲ್ಲವಿ. ನನಗದು ಬಾಯಿಪಾಠವಿತ್ತು. ಓಂಕಾರಯ್ಯನವರು ಗುಂಡಿ ಒತ್ತಿ ಕೈ ಜೋಡಿಸಿ ಕೂತರು. ವೀಣೆ ಎದ್ದಿತು, ಗಾಯಕಿ ಬಂದಳು, ಮಕ್ಕಳೂ ಕೆಮ್ಮಲಿಲ್ಲ. ಮೊದಲ ಚರಣ ದಾಟಿತು. ಎರಡನೆಯದೂ ದಾಟಿತು. ಮಂದಾಕಿನಿ ಬಾಗಿಲ ಪಕ್ಕದಿಂದ ನನ್ನನ್ನು ನೋಡಿದಳು. ಗಾಯಕಿ ಮತ್ತೆ ಪಲ್ಲವಿಗೆ ಬಂದು, ಒಗೆದ ಸೀರೆ ಎಂದಳು.

ಅಷ್ಟೇ ಎಂದಳು. ಮುಂದೆ ಸದ್ದಿಲ್ಲ.

ಡಬ್ಬಿಯ ಮುಖ ಎಂದಿನಂತೆ ಕಪ್ಪಗಿತ್ತು. ಗಾಯಕಿ ಭಾವಕ್ಕೆ ತಡೆದಳೆಂದು ಜನ ಕಣ್ಣು ಮುಚ್ಚಿಯೇ ಇದ್ದರು. ನಾನು ಮಾತ್ರ ಎಡಕ್ಕೆ ನೋಡಿದೆ. ಓಂಕಾರಯ್ಯನವರ ಕೆನ್ನೆ ಉಬ್ಬುತ್ತಿತ್ತು. ಕಂಬದ ಮೇಲೆ ಸಾವಿರ ಸಲ ಅನುಭವಿಸಿದ್ದು. ಏನಾಯಿತೆಂದು ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಬೆಳಗ್ಗೆಯಿಂದ ನೆಂಟರಿಗೆ ಬಡಿಸಿ ಬಡಿಸಿ ಚಾರ್ಜು ಖಾಲಿ ಮಾಡಿದ್ದು ಅವರು. ಮರ್ಯಾದಸ್ಥ ಯಂತ್ರ ಗೋಳಾಡದೆ, ಒಂದು ಮಾತೂ ಹೇಳದೆ ಪ್ರಾಣ ಬಿಟ್ಟಿತ್ತು. ಇನ್ನೊಂದು ಉಸಿರಿಗೆ ಅವರ ಬಾಯಿ ತೆರೆಯುತ್ತದೆ, ಜನರ ಕಣ್ಣೂ ತೆರೆಯುತ್ತದೆ, ನನ್ನ ಮದುವೆಯ ಬಾಗಿಲು ಮುಚ್ಚುತ್ತದೆ. ಅವರು ಹೆದರಿದ ಕಣ್ಣಿನಿಂದ ಮಗಳ ಕಡೆ ನೋಡಿದ್ದನ್ನು ನಾನು ಕಂಡೆ. ಊರಿಗೆಲ್ಲ ಹಾಡಿದ ಮನುಷ್ಯ, ಒಂದು ಸ್ವರಕ್ಕೆ ಅಷ್ಟು ಹೆದರಿದ್ದ.

ನಾನು ಥಟ್ಟನೆ ಮುಂದಕ್ಕೆ ಬಾಗಿ, ಕೆಳಗೆ ಬಿದ್ದ ವೀಳ್ಯದೆಲೆ ಎತ್ತುವವನಂತೆ ಪೆಟ್ಟಿಗೆಯ ಪಕ್ಕಕ್ಕೆ ಮುಖ ತಂದು, ತುಟಿ ಅಲ್ಲಾಡಿಸದೆ, ಗಾಯಕಿಯ ದನಿಯಲ್ಲಿ ಒಣಗಲಿಲ್ಲ ಎಂದೆ. ಜೊತೆಗೆ ವೀಣೆಯ ಒಂದು ಮೀಟು ಹಾಕಿದೆ. ಹಾಗೆ ಬಾಗುವಾಗಲೇ ಓಂಕಾರಯ್ಯನವರ ಹೆಗಲ ಶಲ್ಯದ ಚುಂಗನ್ನು ಅವರ ಮುಖದ ಕಡೆಗೆ ಎಳೆದೆ. ಅವರು ಅದನ್ನು ಹಿಡಿದುಕೊಂಡು ಕಣ್ಣಿನವರೆಗೆ ಹೊದ್ದರು. ಉಸಿರು ಮುಗಿಯಿತು. ಶಲ್ಯದೊಳಗಿಂದ ಗಾಯಕಿ ಒಣಗಲಿಲ್ಲ ಎಂದು ಸಾಲು ಎತ್ತಿಕೊಂಡಳು. ಎರಡು ಸಲ ಒಣಗಲಿಲ್ಲ ಆಯಿತು. ಹಾಡಿನಲ್ಲಿ ಸಾಲು ಎರಡು ಸಲ ಬಂದರೆ ಯಾರಿಗೆ ಅನುಮಾನ? ಮಳೆಗಾಲದ ಸೀರೆಯೂ ಒಂದು ಸಲಕ್ಕೆ ಒಣಗುವುದಿಲ್ಲ.

ಆಮೇಲಿನದು ನಾನು ಕೇಳಿದ ಅತ್ಯುತ್ತಮ ಸಂಗೀತ. ಡಬ್ಬಿಯ ಗುಣವೆಲ್ಲ ಅವರ ಗಂಟಲಿಗೆ ಇಳಿದಿತ್ತು. ವೀಣೆಯ ತಂತಿಗೆ ಉಗುರು ತಾಗುವುದು ಕೇಳುತ್ತಿತ್ತು, ಗಾಯಕಿಯ ಬಳೆ ಕೇಳುತ್ತಿತ್ತು. ಸದ್ದು ಪೆಟ್ಟಿಗೆಯಿಂದಲ್ಲ, ಅದರ ಪಕ್ಕದಿಂದ ಒಂದು ಗೇಣು ಆಚೆಗೆ ಬರುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಶಲ್ಯದಲ್ಲಿ ಮುಖ ಮುಚ್ಚಿ ಹೆಗಲು ಕುಲುಕಿಸುತ್ತಿದ್ದ ತಂದೆಯನ್ನು ಕಂಡು, ಒಬ್ಬಳೇ ಮಗಳಲ್ಲವೇ ಎಂದು ಹೆಂಗಸರು ಸೆರಗಿಗೆ ಕಣ್ಣೊರೆಸಿಕೊಂಡರು. ನಮ್ಮಮ್ಮ ಬಿಕ್ಕಿದಳು. ಮಾತು ಕಡಿಮೆಯ ನಮ್ಮಪ್ಪನೂ ಮೂಗು ಒರೆಸಿಕೊಂಡರು.

ಎಲ್ಲ ಸರಿ ಹೋಗುತ್ತಿತ್ತು, ದೊಡ್ಡಪ್ಪ ಎದ್ದರು. ಆ ಬಳೆಯ ಸದ್ದನ್ನು ಹತ್ತಿರದಿಂದ ಕೇಳಬೇಕೆಂಬ ಆಸೆ ಅವರಿಗೆ. ಕಣ್ಣು ಅರ್ಧ ಮುಚ್ಚಿ, ತಲೆದೂಗುತ್ತಾ, ಕಿವಿಯನ್ನು ಸ್ಪೀಕರ್ ಪೆಟ್ಟಿಗೆಯ ಕಡೆಗೆ ತಂದರು. ಪೆಟ್ಟಿಗೆ ಸತ್ತು ಮಲಗಿದೆ, ಒಂದು ಗೇಣು ಬಾಕಿ. ಕೈ ಹಿಡಿದು ಎಳೆದರೆ ಗಲಾಟೆಯಾಗುತ್ತದೆ. ಅಷ್ಟರಲ್ಲಿ ಮಂದಾಕಿನಿ ಎಲ್ಲಿಂದಲೋ ಬಂದು, ಅವರ ಕಿವಿಗೂ ಪೆಟ್ಟಿಗೆಗೂ ನಡುವೆ ಒಂದು ತಟ್ಟೆ ಚಿರೋಟಿ ಹಿಡಿದಳು. ದೊಡ್ಡಪ್ಪನ ಮುಂದೆ ಸಂಗೀತವೂ ಚಿರೋಟಿಯೂ ಒಟ್ಟಿಗೆ ಬಂದರೆ ಯಾವುದು ಗೆಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅವರು ತಟ್ಟೆ ಹಿಡಿದು ವಾಪಸ್ ಹೋಗಿ ಕೂತು, ಬಾಯಿ ತುಂಬಿಕೊಂಡೇ, ಆಹಾ, ಯಂತ್ರ ಅಂದ್ರೆ ಇದು ಎಂದರು. ಮೂರನೆಯ ಚರಣ ಬಂತು, ನಲ್ಲ ತಿರುಗಿ ಬಂದ, ಸೀರೆ ಒಣಗಿತು, ವೀಣೆ ಇಳಿಯಿತು, ಹಾಡು ಪೂರ್ತಿಯಾಯಿತು.

ಓಂಕಾರಯ್ಯನವರು ಶಲ್ಯ ಸರಿಸಿದಾಗ ಬೆವರು, ಕಣ್ಣೀರು ಎರಡೂ ಇದ್ದವು. ಮಾತಾಡಲು ಹೋದರೆ ಗಾಳಿ ಮಾತ್ರ ಬಂತು. ದುಃಖಕ್ಕೆ ಗಂಟಲು ಕಟ್ಟಿದೆ, ಬಿಡಿ ಎಂದು ಹಿರಿಯರು ಸಮಾಧಾನ ಹೇಳಿದರು. ಅವರು ವೀಳ್ಯದ ತಟ್ಟೆಯನ್ನು ಎತ್ತಿ, ನನ್ನ ಮುಖವನ್ನು ಬಹಳ ಹೊತ್ತು ನೋಡಿ, ದೊಡ್ಡಪ್ಪನ ಕೈಗೆ ಕೊಟ್ಟರು.

ಅವರಿಗೆ ಮತ್ತೆ ಗಂಟಲು ಬಂದ ಮೇಲೆ ನನ್ನನ್ನು ಕರೆಸಿದರು. ಮಂದಾಕಿನಿ ಕಾಫಿ ತಂದು, ಹೋಗದೆ, ಅಲ್ಲೇ ಕಂಬಕ್ಕೆ ಒರಗಿ ನಿಂತಳು. ಡಬ್ಬಿ ಚಾರ್ಜಿನ ತಂತಿ ಕಟ್ಟಿಕೊಂಡು ಆಸ್ಪತ್ರೆಯ ರೋಗಿಯ ಹಾಗೆ ಮಲಗಿತ್ತು. ಅವರು ಕೃತಜ್ಞತೆ ಹೇಳಿಯಾರೆಂದು ನಾನು ವಿನಯವನ್ನು ಮುಖಕ್ಕೆ ತಂದುಕೊಂಡು ಕೂತೆ.

"ಅವತ್ತು ಒಣಗಲಿಲ್ಲ ಅಂದ್ಯಲ್ಲ," ಎಂದರು, "ಮೂಗಿನಲ್ಲಿ ಅಂದೆ. ವೀಣೆಗೆ ತಳವೇ ಇರ್ಲಿಲ್ಲ. ಅಷ್ಟು ದೊಡ್ಡ ಹಾಡಿನ ಮಧ್ಯೆ ಒಂದು ನೊಣ ಹೊಕ್ಕ ಹಾಗಾಯ್ತು."

"ನಾನು ಆ ಹಾಡು ಕಲ್ತಿದ್ದು ಮೊಬೈಲಿನಲ್ಲಿ ಮಾವ."

"ಅದೇ ಮತ್ತೆ. ಗೊತ್ತಾಗುತ್ತೆ."

"ಅವರಾದ್ರೂ ಕಾಲಕ್ಕೆ ಸರಿಯಾಗಿ ಹಾಡಿದ್ರು ಅಪ್ಪ," ಎಂದಳು ಮಂದಾಕಿನಿ. "ನಿಮ್ಮ ಯಂತ್ರ?"

ಅವರು ಡಬ್ಬಿಯ ಕಡೆ ನೋಡಿದರು. ನಂಬಿದ ಗೆಳೆಯ ಹೇಳದೆ ಊರು ಬಿಟ್ಟಾಗ ನೋಡುವ ನೋಟ. "ಮೊಬೈಲು ಒಂದು ಮಾತಿಗೆ ಹತ್ತು ಮಾತಾಡುತ್ತೆ, ಸರಿ," ಎಂದರು ನಿಧಾನವಾಗಿ. "ಆದ್ರೆ ಹೋಗ್ತೀನಿ ಅಂತ ಹೇಳಿ ಹೋಗುತ್ತೆ. ಇದೂ ಒಂದು ಮಾತು ಹೇಳ್ಬಹುದಿತ್ತು." ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಿಲ್ಲ ತಾನೇ?" ಎಂದು ಕೇಳಿದರು.

ಇಲ್ಲ ಎಂದೆ. ಹೇಳಿದರೆ ನನ್ನ ಮದುವೆಯೂ ಹೋಗುತ್ತಿತ್ತು, ನನ್ನ ಮಿಮಿಕ್ರಿಯ ಅತಿದೊಡ್ಡ ಪ್ರದರ್ಶನಕ್ಕೆ ಒಂದು ಚಪ್ಪಾಳೆಯೂ ಸಿಗುತ್ತಿರಲಿಲ್ಲ. ಆ ಅಜ್ಜಿ ಅಲ್ಲೂ ತನ್ನ ಬೆಕ್ಕನ್ನೇ ತರುತ್ತಿದ್ದಳು. ಊರಿನವರು ಇಂದಿಗೂ ಆ ಪೂರ್ತಿಯನ್ನು ನೆನೆಯುತ್ತಾರೆ. ದೊಡ್ಡಪ್ಪ ಅಂಥದೇ ಡಬ್ಬಿಯೊಂದನ್ನು ತರಿಸಿಕೊಂಡು, ದಿನಾ ಸಂಜೆ ಜಗಲಿಯಲ್ಲಿ ಕೂತು, ಬೇಕೆಂದೇ ಅದನ್ನು ಮಧ್ಯದಲ್ಲಿ ನಿಲ್ಲಿಸಿ ಹನ್ನೊಂದು ಪಿಟೀಲು ನುಡಿಸುತ್ತಾರೆ. ಆದರೂ ಅವತ್ತಿನದು ಬರಲಿಲ್ಲ, ಓಂಕಾರಯ್ಯನ ಡಬ್ಬಿಯ ತಳಿಯೇ ಬೇರೆ ಎಂದು ಕೊರಗುತ್ತಾರೆ. ಅವರ ಮಾತು ಕೇಳಿ ಊರಿನಲ್ಲಿ ಹಲವರು ಡಬ್ಬಿ ಕೊಂಡರು. ಅದಕ್ಕೂ ಗಾಜು ಅಂಟಿಸುವವನು ನಾನೇ ಆದ್ದರಿಂದ ಈ ವಿವಾದದಲ್ಲಿ ನಾನು ಈಗ ಎರಡೂ ಪಕ್ಷದವನು.

ಮದುವೆಯಾದ ಮೇಲೆ ಮಾವನ ಮನೆಯಲ್ಲೇ ಇದ್ದೇವೆ. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಿಂದ ಮೊಬೈಲುಗಳು ಒಳಗೆ ಬಡ್ತಿ ಪಡೆದಿವೆ, ನಡುಮನೆಯವರೆಗೆ ಮಾತ್ರ. ಮಾವ ಡಬ್ಬಿಯಲ್ಲಿ ಹಾಡು ಕೇಳಲು ಕೂತಾಗ ನಾನು ಗಡಿಯಾರ ನೋಡಿಕೊಂಡಿರುತ್ತೇನೆ. ಅದರ ಚಾರ್ಜು ಮುಗಿಯುವ ಹೊತ್ತು ಹತ್ತಿರವಾದಾಗ, ಎರಡು ಹಾಡಿನ ನಡುವೆ, ಮೊಬೈಲಿನ ದನಿ ತೆಗೆದು ಟುಣ್ ಎನ್ನುತ್ತೇನೆ. ಅವರು ಏನೂ ಕೇಳಿಸದವರಂತೆ ಎದ್ದು ತಂತಿ ಚುಚ್ಚುತ್ತಾರೆ. ಮಿಮಿಕ್ರಿಯವನಿಗೆ ಈ ಊರಿನಲ್ಲಿ ಸಿಕ್ಕಿರುವ ಖಾಯಂ ಕೆಲಸ ಇದೊಂದೇ.

ಊಟದ ಹೊತ್ತಿಗೆ ನಾನು ನಡುಮನೆಯಲ್ಲಿ ಮೊಬೈಲಿನಲ್ಲಿ ಒಂದು ಹಾಡು ಹಾಕಿಕೊಂಡು ಕಾಯುತ್ತೇನೆ, ಈಗಷ್ಟೇ ಶುರುವಾಗಿರುವಂಥದ್ದು. ಮಂದಾಕಿನಿ ಅಡುಗೆಮನೆಯಿಂದ ಬಾ ಎಂದು ಕೂಗಬಹುದು, ಹತ್ತು ಹೆಜ್ಜೆ. ಕೂಗುವುದಿಲ್ಲ, ಅಕ್ಕಿ ಡಬ್ಬದಿಂದ ಮೊಬೈಲು ತೆಗೆದು ಕರೆ ಮಾಡುತ್ತಾಳೆ. ಒಂದು ಉಸಿರು. ಆಮೇಲೆ ಒಗ್ಗರಣೆಯ ಸದ್ದಿನ ಮೇಲೆ ತಬಲ ಏಳುತ್ತದೆ, ಬಾವಿಯಾಳದ ಆ ಗಂಡು ದನಿ ಏಳುತ್ತದೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಜಗಲಿಯಿಂದ ಮಾವ, ತಬಲಕ್ಕೆ ತಳವೇ ಇಲ್ಲ ಎಂದು ಗೊಣಗುತ್ತಾರೆ. ಗೊಣಗುತ್ತಾರೆ, ಆದರೆ ಹಾಡು ಮುಗಿಯುವ ತನಕ ಅವರೂ ಊಟಕ್ಕೆ ಏಳುವುದಿಲ್ಲ.